ಮೊದಲು ಎಲ್ಲರದು, ಆಮೇಲೆ ಅವರವರದು

ಮೇ 5, ಸೋಮವಾರ

ಹೊಸ ಪುಸ್ತಕ, ಮೊದಲ ಪುಟ. ಶುರುವಿಗೇ ಒಂದು ಲೆಕ್ಕ: ಗುಂಡಣ್ಣನ ಹೊಟ್ಟೆಯೊಳಗೆ ಇವತ್ತು ಒಂದೇ ಲೈಬ್ರರಿಯ ನಲವತ್ತೊಂದು ಪ್ರತಿಗಳು ಸಿಕ್ಕವು.

ಗುಂಡಣ್ಣ ನಮ್ಮ ಆಸ್ಪತ್ರೆಯ ನಾಲ್ಕನೇ ಮಹಡಿಯ ಸರ್ವರ್. ಹದಿನಾರು ವರ್ಷದಿಂದ ಅವನ ಯೋಗಕ್ಷೇಮ ನನ್ನದು. ಅವನ ಮೇಲೆ ಒಂದೇ ಪ್ರೋಗ್ರಾಮಿಂಗ್ ಭಾಷೆಯ ಮೂರು ಆವೃತ್ತಿಗಳಿವೆ. ಹಳೆಯದನ್ನು ತೆಗೆದರೆ ರಕ್ತಪರೀಕ್ಷೆಯವರು ಬೊಬ್ಬೆ ಹಾಕುತ್ತಾರೆ. ಹೊಸದನ್ನು ಹಾಕದಿದ್ದರೆ ಸ್ಕ್ಯಾನಿಂಗಿನವರು ಮುಖ ಊದಿಸಿಕೊಳ್ಳುತ್ತಾರೆ. ನಡುವಿನದನ್ನು ಯಾರು ಬಳಸುತ್ತಾರೋ ಗೊತ್ತಿಲ್ಲ, ತೆಗೆಯಲು ಧೈರ್ಯವಿಲ್ಲ. ಸಾಲದ್ದಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಫೋಲ್ಡರಿನಲ್ಲಿ ಬೇಕಾದ ಲೈಬ್ರರಿಗಳನ್ನೆಲ್ಲ ತಂದು ಪೇರಿಸಿಕೊಂಡಿದ್ದಾರೆ.

ಊಟಕ್ಕೆ ಕೂತಾಗ ತಂಗಿ, ‘ಲೈಬ್ರರಿ ಅಂದ್ರೆ ಪುಸ್ತಕದ್ದಾ?’ ಎಂದಳು. ಮಕ್ಕಳಿಗೆ ಗಣಿತ ಕಲಿಸುವವಳು, ಇಷ್ಟೂ ತಿಳಿಯದು.

‘ಅಲ್ಲ ಕಣೆ. ಬೇರೆಯವರು ಬರೆದಿಟ್ಟಿರೋ ಕೋಡಿನ ಕಟ್ಟು. ತಾರೀಕು ಓದೋಕೆ ಒಂದು, ನಕ್ಷೆ ಬಿಡಿಸೋಕೆ ಒಂದು. ಎಲ್ಲಾನೂ ನಾವೇ ಬರೀತಾ ಕೂರಬಾರ್ದು ಅಂತ.’

‘ಹಾಗಾದ್ರೆ ಇಡೀ ಆಸ್ಪತ್ರೆಗೆ ಒಂದೊಂದಿದ್ರೆ ಸಾಕಲ್ಲ?’

ಇದೇ ನನ್ನ ವಾದವೂ. ನಾವಿಬ್ಬರೂ ಎರಡು ಕೋಣೆಯ ಮನೆಯಲ್ಲಿ ಒಂದು ಛತ್ರಿ, ಒಂದು ಬಾಚಣಿಗೆ, ಒಂದು ಸೋಪಿನಲ್ಲಿ ಇಪ್ಪತ್ತು ವರ್ಷ ಕಳೆದಿಲ್ಲವೇ? ಮೂರು ಆವೃತ್ತಿಗಳಿಗೂ ಹೊಂದುವ ಲೈಬ್ರರಿಗಳನ್ನು ಒಂದು ಸಾಮಾನ್ಯ ಫೋಲ್ಡರಿನಲ್ಲಿ ಇಡುವುದು, ಹೊಂದದ್ದನ್ನು ಮಾತ್ರ ಆಯಾ ಆವೃತ್ತಿಯ ಕೆಳಗೆ ಬೇರೆಯಾಗಿ ಇಡುವುದು ಎಂದು ತೀರ್ಮಾನಿಸಿದ್ದೇನೆ.

ತಕರಾರು ತೆಗೆದದ್ದು ಪಟ್ಟಿ ಮೇಡಂ ಒಬ್ಬರೇ. ಕಿಡ್ನಿಗಾಗಿ ಕಾಯುವ ರೋಗಿಗಳ ಪಟ್ಟಿ ಅವರದು. ಅವರ ಪ್ರೋಗ್ರಾಮು ದಿನವೂ ಬೆಳಿಗ್ಗೆ ತಾನಾಗಿ ಓಡಿ, ಡಯಾಲಿಸಿಸ್ ಶುರುವಾದ ತಾರೀಕಿನ ಮೇಲೆ ಯಾರು ಮೊದಲು, ಯಾರು ನಂತರ ಎಂದು ಮುದ್ರಿಸುತ್ತದೆ. ‘ನನ್ನ ತಾರೀಕಿನ ಲೈಬ್ರರಿ ಮಾತ್ರ ಹಳೇದೇ ಇರ್ಲಿ ಮೇಡಂ. ಹೊಸದು ತಾರೀಕನ್ನ ಬೇರೆ ಥರ ಓದುತ್ತೆ. ನನ್ನ ಫೋಲ್ಡರ್ ಒಂದನ್ನ ಮುಟ್ಟಬೇಡಿ’ ಎಂದರು. ಇವರಿಗೊಬ್ಬರಿಗೆ ಬೇರೆ ಒಲೆ ಹೂಡಬೇಕು! ಆಯಿತು ಎಂದೆ.

ಮೇ 7, ಬುಧವಾರ

ಮುಗಿಯಿತು. ಸಾಮಾನ್ಯ ಫೋಲ್ಡರಿನಲ್ಲಿ ನೂರ ಹನ್ನೆರಡು ಲೈಬ್ರರಿಗಳು, ಎಲ್ಲವೂ ಇತ್ತೀಚಿನವು. ಬಟ್ಟೆಯ ಕಪಾಟು ಜೋಡಿಸಿಟ್ಟ ಹಾಗೆ ಕಾಣುತ್ತದೆ.

ಒಂದು ಕಿರಿಕಿರಿ ಉಳಿದಿತ್ತು. ಪ್ರೋಗ್ರಾಮು ಓಡಲು ಶುರುವಾದಾಗ ಭಾಷೆ ಲೈಬ್ರರಿಗಾಗಿ ಮೊದಲು ಬಳಸುವವರ ಸ್ವಂತ ಫೋಲ್ಡರಿನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಸಾಮಾನ್ಯ ಫೋಲ್ಡರಿಗೆ ಬರುತ್ತದೆ. ಮೊದಲು ಸಿಕ್ಕಿದ್ದನ್ನೇ ಹಿಡಿದುಕೊಂಡು ಕೂರುತ್ತದೆ. ಹೀಗಾದರೆ ನನ್ನ ಕಪಾಟನ್ನು ತೆರೆಯುವವರು ಯಾರು? ಸಂಜೆ ಹೊರಡುವ ಮುಂಚೆ ಸೆಟ್ಟಿಂಗ್ಸ್ ಫೈಲಿನಲ್ಲಿ ಆ ಒಂದು ಸಾಲು ತಿರುಗಿಸಿಟ್ಟೆ: ಮೊದಲು ಎಲ್ಲರದು, ಆಮೇಲೆ ಅವರವರದು.

ಯಾರ ಫೋಲ್ಡರನ್ನೂ ಮುಟ್ಟಿಲ್ಲ.

ಮೇ 8, ಗುರುವಾರ

ಗುಂಡಣ್ಣ ಹಗುರಾಗಿದ್ದಾನೆ. ದೊಡ್ಡ ಡಾಕ್ಟರು ಮೀಟಿಂಗಿನಲ್ಲಿ ಎಲ್ಲರೆದುರು ಹೊಗಳಿದರು. ಪಟ್ಟಿ ಮೇಡಂ ಇವತ್ತಿನಿಂದ ರಜೆ, ತಾಯಿಗೆ ಕಣ್ಣಿನ ಆಪರೇಷನ್. ಹುಡುಕುವ ಸಾಲನ್ನು ತಿರುಗಿಸಿದ್ದು ಯಾರಿಗೂ ಹೇಳುವಂಥ ಸಂಗತಿ ಅನ್ನಿಸಲಿಲ್ಲ.

ಮೇ 19, ಸೋಮವಾರ

ಪಟ್ಟಿ ಮೇಡಂ ಬಂದರು. ಹತ್ತೂವರೆಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕಾಗದ.

‘ಮೇಡಂ, ಪಟ್ಟಿ ಅಡ್ಡಾದಿಡ್ಡಿ ಆಗಿದೆ. ಮೊದಲನೇ ಜಾಗದಲ್ಲಿ ಇರಬೇಕಾದವರು ಆರನೆಯವರಾಗಿದ್ದಾರೆ. ಬುಧವಾರ ಒಂದು ಕಿಡ್ನಿ ಬಂತಂತೆ. ಅವರಿಗೆ ಹೊಂದ್ತಿತ್ತು. ಬೇರೆಯವರಿಗೆ ಹೋಗಿದೆ.’

ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ‘ನೋಡೋಣ’ ಎಂದೆ.

‘ನಾನಿಲ್ಲದಾಗ ಏನಾದ್ರೂ ಬದಲಾಯಿಸಿದ್ರಾ?’

‘ನಿಮ್ಮ ಫೋಲ್ಡರ್ ನಾನು ಮುಟ್ಟಿಲ್ಲ.’

ಅವರು ಹೋದಮೇಲೆ ಹೊಳೆಯಿತು. ಆ ಒಂದು ಸಾಲು.

ಮೇ 20, ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನೋಡಿದೆ. ನಾನು ಹೆದರಿದ್ದೇ ನಿಜ. ಪಟ್ಟಿ ಮೇಡಂ ಜೋಪಾನವಾಗಿಟ್ಟ ಹಳೆಯ ಲೈಬ್ರರಿ ಅವರ ಫೋಲ್ಡರಿನಲ್ಲಿ ಇದ್ದಲ್ಲೇ ಇದೆ. ಆದರೆ ಅದೇ ಹೆಸರಿನ ಹೊಸದು ನನ್ನ ಸಾಮಾನ್ಯ ಫೋಲ್ಡರಿನಲ್ಲಿ ಮೊದಲೇ ಸಿಕ್ಕಿಬಿಡುವುದರಿಂದ, ಅವರದನ್ನು ಯಾರೂ ಮಾತಾಡಿಸುತ್ತಲೇ ಇರಲಿಲ್ಲ.

ಹಳೆಯದು ದಿನ ಮೊದಲು, ತಿಂಗಳು ನಂತರ ಎಂದು ಓದುತ್ತದೆ. ಹೊಸದು ತಿಂಗಳು ಮೊದಲು ಎಂದು. ದಿನ ಹನ್ನೆರಡು ದಾಟಿದ್ದರೆ ಹದಿಮೂರನೇ ತಿಂಗಳಿಲ್ಲ ಎಂದು ಅದಕ್ಕೇ ತಿಳಿದು ತಿರುಗಿಸಿ ಓದಿಕೊಳ್ಳುತ್ತದೆ. ಹಾಗಾಗಿ ಹೆಚ್ಚಿನವರ ತಾರೀಕು ಸರಿಯಾಗೇ ಇತ್ತು, ಮೇಲುನೋಟಕ್ಕೆ ಯಾರಿಗೂ ಅನುಮಾನ ಬರಲಿಲ್ಲ. ಆ ಆರನೆಯವರು ಡಯಾಲಿಸಿಸ್ ಶುರುಮಾಡಿದ್ದು ಹೋದ ವರ್ಷ 9-2, ಅಂದರೆ ಫೆಬ್ರವರಿ ಒಂಬತ್ತು. ನನ್ನ ಕಪಾಟಿನ ಲೈಬ್ರರಿ ಅದನ್ನು ಸೆಪ್ಟೆಂಬರ್ ಎರಡು ಎಂದು ಓದಿತು. ಅವರು ಕಾದ ಏಳು ತಿಂಗಳು ಹಾಗೇ ಹಾರಿಹೋಯಿತು.

ಒಂಬತ್ತು ನಲವತ್ತಕ್ಕೆ ಸಾಲನ್ನು ಮೊದಲಿದ್ದ ಹಾಗೆ ತಿರುಗಿಸಿದೆ. ಪಟ್ಟಿ ಸರಿಯಾಯಿತು. ಅವರೀಗ ಮೊದಲನೆಯವರು. ಸರಿ ಮಾಡುವುದು ಮುಖ್ಯ ತಾನೇ? ಹೇಳುವುದು ಆಮೇಲಿನ ಮಾತು.

ಮಧ್ಯಾಹ್ನ ಪಟ್ಟಿ ಮೇಡಂ ದೊಡ್ಡ ಡಾಕ್ಟರನ್ನು ಕರೆತಂದು ತೋರಿಸಲು ಹೋದರು. ಪ್ರೋಗ್ರಾಮು ಸರಿಯಾದ ಪಟ್ಟಿಯನ್ನೇ ಕೊಟ್ಟಿತು. ‘ಸರಿಯಾಗೇ ಇದೆಯಲ್ಲಮ್ಮ’ ಎಂದರು ಅವರು. ಪಟ್ಟಿ ಮೇಡಂ ಪರದೆಯನ್ನೇ ನೋಡುತ್ತ ನಿಂತರು. ನಾನು ಗುಂಡಣ್ಣನ ಹಿಂದೆ ತಂತಿ ಸರಿಮಾಡುವ ನೆಪದಲ್ಲಿ ಬಗ್ಗಿದ್ದೆ.

ಮೇ 21, ಬುಧವಾರ

ವಿಚಾರಣೆಗೆ ಸಮಿತಿ ಮಾಡಿದ್ದಾರೆ. ಯಂತ್ರದಲ್ಲಿ ಏನಾಯಿತೆಂದು ವರದಿ ಬರೆದುಕೊಡಬೇಕಂತೆ. ಯಾರು? ನಾನು. ನಗು ಬಂತು, ಬಿಕ್ಕಳಿಕೆಯ ಹಾಗೆ.

ಮೇ 23, ಶುಕ್ರವಾರ

ನಾಲ್ಕನೇ ಮಹಡಿಯ ನೀರಿನ ಫಿಲ್ಟರ್ ಕೆಟ್ಟಿದೆ. ನೀರು ಹಿಡಿಯಲು ನೆಲಮಹಡಿಗೆ ಹೋದೆ. ಡಯಾಲಿಸಿಸ್ ಹಾಲ್ ಅಲ್ಲೇ ಪಕ್ಕದಲ್ಲಿದೆ, ಹಾಗಾಗಿ ಇಣುಕಿದೆ ಅಷ್ಟೇ.

ಹದಿನೈದು ಕುರ್ಚಿಗಳು. ಕಿಟಕಿಯ ಪಕ್ಕದವರೇ ಆ ಆರನೆಯವರು ಎಂದು ಚೀಟಿ ನೋಡಿ ತಿಳಿಯಿತು. ಐವತ್ತರ ಆಸುಪಾಸು, ತೆಳ್ಳಗಿನ ಮುಖ. ಒಂದು ಕೈ ಯಂತ್ರಕ್ಕೆ ಕಟ್ಟಿಕೊಂಡಿತ್ತು. ನನ್ನನ್ನು ನೋಡಿದವರೇ, ‘ಮೇಡಂ, ನಿಮ್ಮ ಆ ಕೋಟಿನ ಎಡತೋಳು ಅರ್ಧ ಇಂಚು ಉದ್ದ ಇದೆ. ಹೊಲಿದವನು ಮದುವೆ ಊಟಕ್ಕೆ ಹೊತ್ತಾಯ್ತು ಅಂತ ಎದ್ದು ಓಡಿದ್ನಾ?’ ಎಂದರು.

ದರ್ಜಿಯಂತೆ. ಗಂಡಸರ ಕೋಟಿನಲ್ಲಿ ಎತ್ತಿದ ಕೈ. ಈಗ ಹೊಸ ಬಟ್ಟೆ ಹಿಡಿಯುವುದಿಲ್ಲವಂತೆ. ‘ಇಂಥ ದಿನ ಕೊಡ್ತೀನಿ ಅಂತ ಮಾತು ಕೊಡೋಕಾಗಲ್ಲ ನೋಡಿ. ಮಾತು ಕೊಡದೆ ಬಟ್ಟೆ ಹಿಡಿಯೋದು ನಂಗಾಗಲ್ಲ’ ಎಂದರು. ಅವರ ಹೆಂಡತಿ ಸ್ಟೂಲಿನಲ್ಲಿ ಕೂತು ಅವರ ಕಾಲು ಒತ್ತುತ್ತಿದ್ದರು. ಗಂಡನ ಮಾತಿಗೆಲ್ಲ ನಗುತ್ತಿದ್ದರು, ನೂರು ಸಲ ಕೇಳಿದ ಮಾತಿಗೂ ನಗುವವರ ನಗು.

ಬಾಟಲಿಗೆ ನೀರು ಹಿಡಿಯುವುದನ್ನು ಮರೆತು ಮೇಲೆ ಬಂದಿದ್ದೆ.

ಮೇ 26, ಸೋಮವಾರ

ವರದಿ ಕೊಟ್ಟೆ. ಒಂದೂವರೆ ಪುಟ. ಒಂದು ಸುಳ್ಳೂ ಇಲ್ಲ. ಮೂರು ಸಲ ಓದಿದೆ, ಇಲ್ಲ.

ಸೆಟ್ಟಿಂಗ್ಸ್ ಫೈಲ್ ಕಡೆಯ ಬಾರಿ ಬದಲಾದದ್ದು ಮೇ 20ರ ಬೆಳಿಗ್ಗೆ 9.40ಕ್ಕೆ ಎಂದು ಬರೆದೆ. ನಿಜ. ಬದಲಾಯಿಸಿದ್ದು ಉಸ್ತುವಾರಿಯ ಸಾಮಾನ್ಯ ಖಾತೆಯಿಂದ, ಅದರ ಪಾಸ್‌ವರ್ಡ್ ನಾಲ್ವರಿಗೆ ಗೊತ್ತು ಎಂದು ಬರೆದೆ. ಅದೂ ನಿಜ: ನಾನು, ಪಟ್ಟಿ ಮೇಡಂ, ನೆಟ್‌ವರ್ಕಿನವರು, ನಿವೃತ್ತರಾದ ನನ್ನ ಹಿರಿಯ ಸಹೋದ್ಯೋಗಿ. ಕೊನೆಗೆ, ‘ನೋಂದಣಿ ಫಾರಂನಲ್ಲಿ ದಿನಾಂಕವನ್ನು ಎರಡು ರೀತಿಯಲ್ಲಿ ಓದಬಹುದಾಗಿತ್ತು’ ಎಂದೂ ಸೇರಿಸಿದೆ. ಇದು ಎಲ್ಲಕ್ಕಿಂತ ನಿಜ.

ತಂಗಿ ತಟ್ಟೆ ಮುಂದಿಟ್ಟಳು. ಹಸಿವಿಲ್ಲ ಎಂದೆ. ‘ಹಾಳು ಯಂತ್ರ’ ಎಂದು ಗುಂಡಣ್ಣನನ್ನು ಬೈದಳು. ಬೈಯಲಿ.

ಮೇ 28, ಬುಧವಾರ

ಪಟ್ಟಿ ಮೇಡಂ ಕೈಯಿಂದ ಪಟ್ಟಿ ತೆಗೆದುಕೊಂಡಿದ್ದಾರೆ. ತೀರ್ಮಾನ ಆಗುವವರೆಗೆ ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ಕೆಲಸ. ತಾವೇ ಕೆಡಿಸಿ, ರಜೆಯಿಂದ ಬಂದು ಗುಟ್ಟಾಗಿ ಸರಿಮಾಡಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಮಾತು. ಹಾಗಂತ ನಾನೆಲ್ಲೂ ಬರೆದಿಲ್ಲ.

ಜೂನ್ 2, ಸೋಮವಾರ

ನೀರು ತರಲು ಹೋಗಿದ್ದೆ. ನಾಲ್ಕನೇ ಮಹಡಿಯ ಫಿಲ್ಟರ್ ರಿಪೇರಿಯಾಗಿದೆಯಂತೆ, ನಾನು ನೋಡಿಲ್ಲ.

ದರ್ಜಿ ಇವತ್ತು ತಮಾಷೆ ಮಾಡಲಿಲ್ಲ. ಸ್ಟೂಲು ಖಾಲಿ ಇತ್ತು. ಹೆಂಡತಿ ಹೊರಗಿನ ಬೆಂಚಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದರ್ಜಿಯ ಕುಶಲ ಕೇಳಿದೆ.

‘ಶನಿವಾರ ಆಫೀಸಿನವರು ಕರೆದಿದ್ರು’ ಎಂದರು. ‘ನಂದೇ ಸರದಿ ಇತ್ತಂತೆ ಮೇಡಂ. ಕೈಗೆ ಬಂದಿತ್ತಂತೆ. ಫಾರಂನಲ್ಲಿ ತಾರೀಕು ಸರಿಯಾಗಿ ಬರೆದಿಲ್ಲ, ಅದಕ್ಕೇ ಹಿಂದೆ ಬಿತ್ತು ಅಂದ್ರು.’ ಸ್ವಲ್ಪ ಹೊತ್ತು ಯಂತ್ರದ ಕೊಳವೆಯಲ್ಲಿ ತಿರುಗುವ ತಮ್ಮ ರಕ್ತವನ್ನೇ ನೋಡಿದರು. ‘ಫಾರಂ ತುಂಬಿದ್ದು ನಮ್ಮನೆಯವಳು. ನನ್ನ ಅಕ್ಷರ ಚೆನ್ನಾಗಿಲ್ಲ ಅಂತ ಅವಳ ಕೈಲೇ ಬರೆಸಿದ್ದೆ.’

ಅಲ್ಲ, ಹಾಗಲ್ಲ ಎನ್ನಬೇಕಿತ್ತು. ಬಾಯಿ ತೆರೆದು, ‘ಈ ಕೋಟಿನ ತೋಳನ್ನ ಬಿಚ್ಚಿ ಹೊಲಿಯೋಕೆ ಎಷ್ಟು ಹೊತ್ತು ಬೇಕು?’ ಎಂದು ಕೇಳಿದೆ. ನಾನು ಹೊರಗೆ ಬರುವಾಗ ಬೆಂಚಿನ ಹತ್ತಿರ ಹೋಗದೆ, ಹಿಂದಿನ ಮೆಟ್ಟಿಲು ಹತ್ತಿ ಬಂದೆ.

ಜೂನ್ 3, ಮಂಗಳವಾರ

‘ನಿನ್ನ ಬಟ್ಟೆ ಯಾಕೆ ನೀನೇ ಬೇರೆ ಒಗೀತಿದ್ದೀಯ?’ ಎಂದಳು ತಂಗಿ. ‘ಸೋಪೂ ಬೇರೆ ತಂದಿಟ್ಟಿದ್ದೀಯ. ಸಿಟ್ಟಾ ನನ್ನ ಮೇಲೆ?’

ಹೌದಾ? ಗಮನಿಸಿರಲಿಲ್ಲ. ಸಿಟ್ಟೇನೂ ಇಲ್ಲ ಎಂದೆ.

ಜೂನ್ 6, ಶುಕ್ರವಾರ

ಪಟ್ಟಿ ಮೇಡಂ ತಮ್ಮ ಹಳೆಯ ಮೇಜು ಖಾಲಿ ಮಾಡಲು ನೆಲಮಾಳಿಗೆಯಿಂದ ಬಂದಿದ್ದರು. ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಕನ್ನಡಕದ ಡಬ್ಬಿ, ಲೋಟ, ಮೂರು ನೋಟುಪುಸ್ತಕ. ತಮ್ಮ ಫೋಲ್ಡರಿನ ಒಂದು ಪ್ರತಿ ಬೇಕೆಂದು ಕೇಳಿದರು. ಕಾಪಿ ಆಗುವವರೆಗೆ ಪೆಟ್ಟಿಗೆಗೆ ದಾರ ಕಟ್ಟುತ್ತ ಕೂತರು. ಒಂಬತ್ತು ವರ್ಷದಲ್ಲಿ ಈ ಹೆಂಗಸು ಒಂದು ದಿನವೂ ನನ್ನೆದುರು ದನಿ ಏರಿಸಿದವರಲ್ಲ ಎಂದು ಈಗ ನೆನಪಾಗಿ ಏನು ಪ್ರಯೋಜನ?

‘ಒಂದು ಮಾತು ಕೇಳ್ಲಾ ಮೇಡಂ?’ ಎಂದರು.

ಈಗ ಕೇಳುತ್ತಾರೆ, ಕೇಳಿಬಿಡಲಿ, ಮುಗಿಯಲಿ ಅಂದುಕೊಂಡೆ.

‘ನಾನೇ ಬದಲಾಯಿಸಿದ್ನೇನೋ ಅಂತ ನಂಗೇ ಅನುಮಾನ ಬರೋಕೆ ಶುರುವಾಗಿದೆ. ರಜೆಗೆ ಹೊರಡೋ ಹಿಂದಿನ ದಿನ ಅಮ್ಮನ ಗಡಿಬಿಡಿ, ಹತ್ತು ಸಲ ಫೋನು. ಏನೋ ಒತ್ತಿರಬೇಕು. ಆಮೇಲೆ ಬಂದಮೇಲೂ ಏನೋ ಒತ್ತಿ ಸರಿ ಮಾಡಿರಬೇಕು. ನೆನಪೇ ಆಗ್ತಿಲ್ಲ. ಹಾಗೆ ಆಗುತ್ತಾ ಮೇಡಂ? ಮಾಡಿದ್ದು ಮರೆತೇಹೋಗುತ್ತಾ?’

‘ಆಗುತ್ತೆ’ ಎಂದೆ. ‘ಯಾರಿಗಾದ್ರೂ ಆಗುತ್ತೆ.’

ಅವರು ತಲೆಯಾಡಿಸಿದರು. ನನ್ನ ಕೈ ಹಿಡಿದು, ಥ್ಯಾಂಕ್ಸ್ ಎಂದರು.

ಜೂನ್ 7, ಶನಿವಾರ

ಥ್ಯಾಂಕ್ಸ್ ಎಂದರು.

ಜೂನ್ 9, ಸೋಮವಾರ

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ನರ್ಸನ್ನು ಕೇಳಿದೆ. ಶನಿವಾರದಿಂದ ಜ್ವರವಂತೆ, ನಂಜು ರಕ್ತಕ್ಕೇರಿದೆ, ತೀವ್ರ ನಿಗಾ ಘಟಕಕ್ಕೆ ಹಾಕಿದ್ದಾರೆ. ‘ಪಾಪ, ಹೋದ ತಿಂಗಳು ಕಿಡ್ನಿ ಸಿಕ್ಕಿದ್ರೆ ಇಷ್ಟು ಹೊತ್ತಿಗೆ ಮನೇಲಿರ್ತಿದ್ರು’ ಎಂದಳು. ಅವಳಿಗೆ ನಾನು ಯಾರೆಂದು ಗೊತ್ತಿಲ್ಲ, ನೀರು ಹಿಡಿಯಲು ಬರುವವಳು ಅಷ್ಟೇ.

ಮೇಲೆ ಬಂದು ಪಟ್ಟಿ ತೆರೆದೆ. ಅವರ ಹೆಸರಿನ ಮುಂದೆ ‘ತಾತ್ಕಾಲಿಕವಾಗಿ ಇಲ್ಲ’ ಎಂದಿತ್ತು. ಜ್ವರ ಬಂದವರನ್ನು ಪಟ್ಟಿಯಿಂದ ಹೊರಗಿಡುತ್ತಾರೆ, ಅದು ನಿಯಮ. ಹದಿನೆಂಟು ದಿನ ಮೊದಲನೆಯವರಾಗಿಯೇ ಇದ್ದರು. ಆ ಹದಿನೆಂಟು ದಿನದಲ್ಲಿ ಹೊಂದುವಂಥದ್ದು ಒಂದೂ ಬರಲಿಲ್ಲ.

ಸರಿ ಮಾಡಿದೆ ಎಂದು ಈ ಪುಸ್ತಕದಲ್ಲಿ ಎಲ್ಲೋ ಬರೆದಿದ್ದೆ. ಪುಟ ತಿರುಗಿಸಿ ನೋಡಿದೆ. ನನ್ನದೇ ಅಕ್ಷರ, ನೀಟಾಗಿದೆ.

ಜೂನ್ 10, ಮಂಗಳವಾರ

ಹೊಸ ವರದಿ ಬರೆದೆ. ಆರು ಸಾಲು. ಮೇ 7ರ ಸಂಜೆ ಹುಡುಕುವ ಕ್ರಮವನ್ನು ತಿರುಗಿಸಿದ್ದು ನಾನು. ಯಾರಿಗೂ ಹೇಳಲಿಲ್ಲ. ಮೇ 20ರ ಬೆಳಿಗ್ಗೆ ಅದನ್ನು ವಾಪಸ್ಸು ತಿರುಗಿಸಿದ್ದೂ ನಾನು. ಅದನ್ನೂ ಹೇಳಲಿಲ್ಲ. ಫಾರಂನಲ್ಲಿ ದಿನಾಂಕ ಸರಿಯಾಗಿತ್ತು. ಪಟ್ಟಿ ಮೇಡಂ ತಪ್ಪಿಲ್ಲ.

ದೊಡ್ಡ ಡಾಕ್ಟರು ಓದಿ ಕನ್ನಡಕ ತೆಗೆದರು. ‘ಈಗ ಯಾಕಮ್ಮ? ತಾಂತ್ರಿಕ ದೋಷ ಅಂತ ಬರೆದು ಮುಗಿಸ್ತಿದ್ವಿ. ಅವರನ್ನೂ ಒಂದೆರಡು ತಿಂಗಳು ಬಿಟ್ಟು ವಾಪಸ್ ಕರೆಸ್ಕೊಳ್ತಿದ್ವಿ.’

‘ತಾವೇ ಮಾಡಿದ್ದು ಅಂತ ಅವರು ನಂಬೋಕೆ ಶುರುಮಾಡಿದ್ದಾರೆ ಸರ್.’

‘ನಿಮ್ಮ ಕೆಲಸ ಹೋಗಬಹುದು.’

ಗೊತ್ತು ಎಂದೆ. ಧೈರ್ಯದಿಂದ ಅಂದದ್ದಲ್ಲ. ಕಾಲು ನೋಯುತ್ತಿತ್ತು, ಬೇಗ ಮುಗಿದರೆ ಸಾಕಿತ್ತು.

ನೆಲಮಾಳಿಗೆಗೆ ಇಳಿದು ಪಟ್ಟಿ ಮೇಡಂಗೂ ಹೇಳಿದೆ. ಕಡತಗಳ ನಡುವೆ ನಿಂತು ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. ‘ಹಾಗಾದ್ರೆ ನಾನಲ್ಲ’ ಎಂದರು. ಕೈಯಲ್ಲಿದ್ದ ಕಡತ ಕೆಳಗಿಟ್ಟು, ‘ನಾನಲ್ಲ ತಾನೇ?’ ಎಂದು ಇನ್ನೊಮ್ಮೆ ಕೇಳಿದರು. ಅಲ್ಲ ಎಂದೆ. ಅವರು ಕೂತುಬಿಟ್ಟರು. ಆಮೇಲೆ ಮುಖ ಎತ್ತದೆ, ‘ನೀವು ಹೋಗಿ ಮೇಡಂ. ನಿಮ್ಮ ಮುಖ ನೋಡೋಕೆ ನನ್ನ ಕೈಲಾಗ್ತಿಲ್ಲ’ ಎಂದರು.

ಮನೆಗೆ ಬಂದು ತಂಗಿಗೂ ಹೇಳಿದೆ. ಅವಳು ಎದ್ದು, ನನ್ನ ಒದ್ದೆ ಬಟ್ಟೆಗಳನ್ನೂ ತನ್ನ ಬಟ್ಟೆಗಳ ಜೊತೆ ಹರವಿದಳು.

ಜೂನ್ 11, ಬುಧವಾರ

ಇನ್ನೊಂದು ಕಡೆ ಹೇಳುವುದು ಬಾಕಿಯಿತ್ತು.

ತೀವ್ರ ನಿಗಾ ಘಟಕದ ಹೊರಗೆ ಅವರ ಹೆಂಡತಿ ಒಬ್ಬರೇ ಇದ್ದರು. ತೊಡೆಯ ಮೇಲೆ ಅದೇ ಬ್ಯಾಗು. ಪಕ್ಕದಲ್ಲಿ ಕೂತೆ. ನನ್ನನ್ನು ಗುರುತು ಹಿಡಿದು, ‘ಕೋಟಿನ ಮೇಡಂ ಅಲ್ವಾ?’ ಎಂದರು. ಬರುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ಸಿಗಲಿಲ್ಲ. ಲೈಬ್ರರಿ, ಫೋಲ್ಡರ್, ಹುಡುಕುವ ಕ್ರಮ, ಇದನ್ನೆಲ್ಲ ಇವರಿಗೆ ಹೇಳಿ ಏನು ಮಾಡಲಿ?

‘ಫಾರಂ ಸರಿಯಾಗೇ ಇತ್ತಮ್ಮ’ ಎಂದೆ. ‘ನೀವು ಬರೆದಿದ್ದು ಸರಿ. ಮೇಲಿನ ಕಂಪ್ಯೂಟರ್ ನೋಡ್ಕೊಳ್ಳೋದು ನಾನು. ಅದನ್ನ ತಪ್ಪಾಗಿ ಓದೋ ಹಾಗೆ ಮಾಡಿದ್ದು ನಾನೇ. ಆಮೇಲೆ ಹೇಳದೆ ಮುಚ್ಚಿಟ್ಟೆ.’

ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ‘ಒಂಬತ್ತು ಅಂತ ಬರೆಯುವಾಗ ಎರಡು ಸಲ ಕ್ಯಾಲೆಂಡರ್ ನೋಡಿದ್ದೆ’ ಎಂದರು, ನನಗಲ್ಲ, ಬ್ಯಾಗಿಗೆ ಹೇಳುವಂತೆ. ಅಳುತ್ತಾರೇನೋ ಅನ್ನಿಸಿತು. ಅಳಲಿಲ್ಲ. ಎದ್ದು ನಿಂತರು.

‘ಇದನ್ನ ನಂಗಲ್ಲ, ಅವರಿಗೆ ಹೇಳಿ. ಆಫೀಸಿನವರು ಹಾಗಂದು ಹನ್ನೊಂದು ದಿನ ಆಯ್ತು, ನನ್ನ ಹತ್ರ ಒಂದು ಮಾತಾಡಿಲ್ಲ.’

ನರ್ಸು ಐದು ನಿಮಿಷ ಎಂದು ಒಳಗೆ ಬಿಟ್ಟಳು. ಬಾಯಲ್ಲಿ ಕೊಳವೆ, ಕಣ್ಣು ಮುಚ್ಚಿತ್ತು. ಮುಖ ಇನ್ನೂ ಸಣ್ಣದಾಗಿತ್ತು. ಎರಡೂ ಕೈಗಳನ್ನು ಹೊದಿಕೆಯ ಮೇಲೆ ಚಾಚಿ ಇಟ್ಟಿದ್ದರು, ಬೆರಳುಗಳು ಉದ್ದುದ್ದ. ನಾನು ಹಾಸಿಗೆಯ ಪಕ್ಕ ನಿಂತು ಬಗ್ಗಿ ಹೇಳಿದೆ: ‘ಫಾರಂ ಸರಿಯಾಗಿತ್ತು. ನಿಮ್ಮ ಮನೆಯವರು ಸರಿಯಾಗೇ ಬರೆದಿದ್ರು. ತಪ್ಪು ನಂದು.’

ಏನೂ ಆಗಲಿಲ್ಲ. ಯಂತ್ರ ಉಸಿರಾಡಿಸುತ್ತಲೇ ಇತ್ತು. ನಾನು ಹಿಂದೆ ಸರಿಯಲು ನೋಡಿದೆ. ಅವರ ಹೆಂಡತಿ ನನ್ನ ಕೋಟಿನ ತೋಳು ಹಿಡಿದು ನಿಲ್ಲಿಸಿದರು. ಇನ್ನೊಂದು ಕೈಯಿಂದ ಗಂಡನ ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಿದರು.

‘ಇನ್ನೊಂದ್ಸಲ ಹೇಳಿ’ ಎಂದರು. ‘ಸ್ವಲ್ಪ ಗಟ್ಟಿಯಾಗಿ.’